ನನ್ನ ಮಾರು, ಅವಳ ಆಕಾಶ

ನನ್ನ ಕೈ ಉದ್ದ. ನಂಜನಗೂಡಿನ ಹೂವಿನ ಸಾಲಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಾವು ಕಟ್ಟಿದ ಹೂವನ್ನು ತಕ್ಕಡಿಗೆ ಹಾಕುವುದಿಲ್ಲ, ಕೈಯಲ್ಲಿ ಅಳೆಯುತ್ತೇವೆ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಒಂದು ಮೊಳ. ಎರಡೂ ತೋಳು ಚಾಚಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು. ಹೂವಿನವಳ ಕೈಯೇ ಅಳತೆ, ಕೊಳ್ಳುವವಳ ಕೈ ಅಲ್ಲ. ಅದಕ್ಕೇ ಬುದ್ಧಿ ಇರುವ ಹೆಂಗಸರು ಮೊದಲು ನಮ್ಮ ಕೈ ನೋಡುತ್ತಾರೆ, ಆಮೇಲೆ ಹೂವು ನೋಡುತ್ತಾರೆ.

ನನ್ನ ಸೊಸೆಯ ಕೈ ಗಿಡ್ಡ. ಅದು ಅವಳ ತಪ್ಪಲ್ಲ. ಆದರೂ ಇಬ್ಬರೂ ಒಂದೇ ಮಂಕರಿ ಮುಂದೆ ಕೂತು ಒಂದೇ ಬೆಲೆಗೆ ಕೊಡುವಾಗ ಗಿರಾಕಿಗಳು ನನ್ನ ಕಡೆಗೇ ತಿರುಗುತ್ತಾರೆ. "ಅಜ್ಜಿ ಕೈಯಲ್ಲಿ ಅಳೀಲಿ" ಅನ್ನುತ್ತಾರೆ. ಸೊಸೆ ತನ್ನ ಕೈ ಗಿಡ್ಡ ಅಂತ ಗೊತ್ತಿದ್ದು ಯಾವಾಗಲೂ ಒಂದಿಷ್ಟು ಜಾಸ್ತಿ ಬಿಟ್ಟೇ ಕತ್ತರಿಸುತ್ತಾಳೆ. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಾನೂ ಇಟ್ಟುಕೊಂಡಿರಲಿಲ್ಲ. ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ, ಕೊಟ್ಟಿದ್ದು ಇಲ್ಲಿಗೆ, ಓದಿದ್ದು ನಾಲ್ಕನೇ ಕ್ಲಾಸು, ಗಂಡ ಕುಡಿದು ಸತ್ತ. ಹೆಮ್ಮೆಪಡೋಕೆ ಈ ಕೈ ಬಿಟ್ಟರೆ ನನಗೆ ಇದ್ದದ್ದು ಮೊಮ್ಮಗಳು ಒಬ್ಬಳೇ.

ಮೊಮ್ಮಗಳು ಮೈಸೂರಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಮದ್ದು ಕೊಡುವ ಡಾಕ್ಟರಲ್ಲ. ಆಕಾಶದ ವಿಷಯ. ಅವಳಪ್ಪ, ಅಂದರೆ ನನ್ನ ಮಗ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. "ಬಿ.ಎಡ್. ಮಾಡ್ಕೊಂಡು ಮೇಷ್ಟ್ರಾಗು, ಸಾಕು" ಅಂತ ಅವನು ಹೇಳಿದಾಗ, "ಓದಲಿ ಬಿಡಲಾ, ನಿನ್ನ ತಲೆ ಮೇಲೆ ಕೂತ್ಕೊಂಡು ಓದ್ತಾ ಅವಳಾ?" ಅಂತ ಬಾಯಿ ಮುಚ್ಚಿಸಿದವಳು ನಾನು. ಹಾಗಾಗಿ ಅವಳ ಓದು ಕೆಟ್ಟರೆ ಅದು ನನ್ನ ತಲೆಗೇ ಬರುತ್ತದೆ.

ಹೋದ ವರ್ಷ ಆಷಾಢ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಅವಳು ಊರಿಗೆ ಬಂದಳು. ಥೀಸಿಸ್ಸು ಬರೆಯೋದು ಬಾಕಿ ಇದೆ, ಮನೆಯಲ್ಲೇ ಕೂತು ಮುಗಿಸ್ತೀನಿ ಅಂದಳು. ಅದು ಮುಗಿದರೆ ಮೈಸೂರಿನ ಒಂದು ಕಾಲೇಜಿನಲ್ಲಿ ಕೆಲಸ ಹೆಚ್ಚುಕಮ್ಮಿ ಅವಳದ್ದೇ ಅಂತ ಅವಳ ಗೈಡು ಹೇಳಿದ್ದರಂತೆ. ಒಳ್ಳೆ ಸುದ್ದಿ. ಆದರೆ ಹುಡುಗಿ ಅನ್ನ ಬಿಟ್ಟಿದ್ದಳು. ತಟ್ಟೆಯಲ್ಲಿ ಮುದ್ದೆ ಇಟ್ಟರೆ ಬೆರಳಲ್ಲಿ ಗೀಚಿ ಗೀಚಿ ಎದ್ದು ಹೋಗುತ್ತಿದ್ದಳು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು.

"ಯಾವನೋ ಕೈಕೊಟ್ಟವನೆ ಅತ್ತೆ" ಅಂದಳು ಸೊಸೆ. "ನಾನು ಕೇಳಿದ್ರೆ ಹೇಳಲ್ಲ. ನೀವೇ ಕೇಳಿ."

ಮೊಮ್ಮಗಳು ಮಂಕರಿ ಹತ್ತಿರ ಬಂದು ಕೂತಾಗ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಯಾವನವ್ವ ಅವನು?"

"ಯಾವನು?"

"ನಿನ್ನ ಅನ್ನ ಕಿತ್ಕಂಡೋನು."

ಅವಳು ನಕ್ಕಳು. ಬಂದ ಮೇಲೆ ಅದೇ ಮೊದಲು ನಕ್ಕಿದ್ದು. "ಹುಡುಗ ಅಲ್ಲ ಅಜ್ಜಿ. ಗುರುತ್ವಾಕರ್ಷಣೆ."

"ಅದ್ಯಾವ ಜಾತಿ?"

ಸೊಸೆ ಮುಖ ಆ ಕಡೆ ತಿರುಗಿಸಿ ನಕ್ಕಳು. ಮೊಮ್ಮಗಳು ಚೆಂಡುಹೂವು ಪೋಣಿಸಿದ್ದ ಒಂದು ಸರ ಎತ್ತಿಕೊಂಡಳು. ಅದರ ಹೂಗಳನ್ನು ದಾರದ ಮೇಲೆ ಒಂದೊಂದಾಗಿ ಸರಿಸಿ, ನಡುವೆ ಒಂದಿಷ್ಟು ಜಾಗ ಬಿಟ್ಟು ತೋರಿಸಿದಳು.

"ಆಕಾಶದಲ್ಲಿ ನಕ್ಷತ್ರದ ದೊಡ್ಡ ದೊಡ್ಡ ಗುಂಪು ಇವೆ ಅಜ್ಜಿ. ಒಂದೊಂದು ಗುಂಪೂ ಒಂದೊಂದು ಹೂವು ಅಂದ್ಕೋ. ಇವು ಒಂದಕ್ಕೊಂದು ದೂರ ಆಗ್ತಾನೇ ಇವೆ. ಹೂವು ಎದ್ದು ಓಡ್ತಾ ಇಲ್ಲ. ನಡುವೆ ಇರೋ ದಾರಾನೇ ಉದ್ದ ಆಗ್ತಾ ಇದೆ."

"ದಾರ ಎಲ್ಲಾದರೂ ತಾನಾಗೇ ಉದ್ದ ಆಗ್ತದಾ?"

"ಆಗ್ತಾ ಇದೆ. ಅದು ನೋಡಿ ಗೊತ್ತಾಗಿರೋದು, ಅದರಲ್ಲಿ ಜಗಳ ಇಲ್ಲ. ಜಗಳ ಬೇರೆ. ಎಲ್ಲಾ ವಸ್ತುವೂ ಎಲ್ಲಾ ವಸ್ತುವನ್ನೂ ತನ್ನ ಕಡೆ ಎಳೀತದೆ. ಹಂಗಾಗಿ ಈ ದೂರ ಆಗೋದು ಬರ್ತಾ ಬರ್ತಾ ನಿಧಾನ ಆಗಬೇಕಿತ್ತು. ಆಗ್ತಾ ಇಲ್ಲ. ಜೋರಾಗ್ತಾ ಇದೆ."

"ಯಾರು ತಳ್ತಾ ಅವ್ರೆ?"

"ಅದೇ ಜಗಳ" ಅಂದಳು. ಕಣ್ಣಲ್ಲಿ ಸ್ವಲ್ಪ ಬೆಳಕು ಬಂತು. "ಹೆಚ್ಚಿನೋರು ಹೇಳೋದು, ಕಣ್ಣಿಗೆ ಕಾಣದ ಏನೋ ಒಂದು ಎಲ್ಲಾ ಕಡೆ ತುಂಬ್ಕೊಂಡು ತಳ್ತಾ ಇದೆ ಅಂತ. ನಮ್ಮಂಥ ಕೆಲವರು ಹೇಳೋದು, ಅಂಥದ್ದೇನೂ ಇಲ್ಲದೇ ಇರಬಹುದು, ಎಳೆತದ ನಿಯಮಾನೇ ನಾವು ತಿಳ್ಕೊಂಡ ಹಂಗಿಲ್ಲ ಅಂತ. ಇಲ್ಲಿ ಹತ್ತಿರದಲ್ಲಿ ಒಂದು ಥರ ಇದ್ದು, ತುಂಬಾ ತುಂಬಾ ದೂರಕ್ಕೆ ಹೋದರೆ ಬೇರೆ ಥರ ಇರಬಹುದು. ಹಿಂದಿನ ಕಾಲದಲ್ಲಿ ಒಂದು ಥರ ಇದ್ದು ಬರ್ತಾ ಬರ್ತಾ ಬದಲಾಗಿರಬಹುದು. ಅಂಥ ಒಂದು ಹೊಸ ನಿಯಮ ಹಿಡ್ಕೊಂಡು, ಆಕಾಶ ಹೆಂಗೆ ಹಿಗ್ಗಬೇಕು ಅಂತ ಲೆಕ್ಕ ಹಾಕೋದೇ ನನ್ನ ಕೆಲಸ."

"ನಿಂದೇ ವಾಸಿ" ಅಂದೆ. "ಕಾಣದ್ದ ನಂಬು ಅನ್ನೋಕೆ ಈ ಊರಲ್ಲಿ ಬೇಕಾದಷ್ಟು ಜನ ಅವ್ರೆ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವಳು ಇನ್ನೂ ಹೇಳುತ್ತಾ ಹೋದಳು. ಆಕಾಶ ಎಷ್ಟು ಬೇಗ ಹಿಗ್ಗುತ್ತಿದೆ ಅಂತ ಅಳೆಯೋಕೆ ಎರಡು ದಾರಿ ಇವೆಯಂತೆ. ಹತ್ತಿರದ ನಕ್ಷತ್ರ ನೋಡಿ ಅಳೆದರೆ ಒಂದು ಲೆಕ್ಕ ಬರುತ್ತದೆ. ಆಕಾಶ ಇನ್ನೂ ಕೂಸಾಗಿದ್ದಾಗಿನ ಹಳೇ ಬೆಳಕು ನೋಡಿ ಅಳೆದರೆ ಅದಕ್ಕಿಂತ ಕಮ್ಮಿ ಬರುತ್ತದೆ. ದೊಡ್ಡ ದೊಡ್ಡವರು ವರ್ಷಾನುಗಟ್ಟಲೆ ನೋಡಿದರೂ ಎರಡೂ ಸೇರುತ್ತಿಲ್ಲವಂತೆ. ಇವಳ ನಿಯಮ ಹಿಡಿದರೆ ಎರಡೂ ಸೇರುತ್ತವೆ. ಥೀಸಿಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಧ್ಯಾಯ ಅದೇ.

ನಾನು ನಕ್ಕುಬಿಟ್ಟೆ. "ಅದಕ್ಯಾಕೆ ಹೊಸ ನಿಯಮ ಕನವ್ವಾ? ಇಬ್ಬರಲ್ಲಿ ಒಬ್ಬನ ಕೈ ಗಿಡ್ಡ ಇರಬೇಕು. ನನ್ನೂ ನಿಮ್ಮವ್ವನ್ನೂ ನೋಡು."

ತಮಾಷೆಗೆ ಅಂದದ್ದು. ಅವಳು ಸರವನ್ನು ಮಂಕರಿಯಲ್ಲಿ ಇಟ್ಟು ಎದ್ದು ಮನೆಗೆ ಹೋದಳು. ಅವತ್ತು ಸಂಜೆ ಉಣ್ಣಲಿಲ್ಲ. ಮಾರನೇ ದಿನವೂ ಉಣ್ಣಲಿಲ್ಲ.

"ನಿಮ್ಮ ಬಾಯಿಗೊಂದು ಬೀಗ ಇಲ್ವಾ ಅತ್ತೆ" ಅಂದಳು ಸೊಸೆ. "ನನ್ನ ಕೈ ಗಿಡ್ಡ ಅಂತ ಊರಿಗೆಲ್ಲ ಸಾರಿದ್ದು ಸಾಲದು ಅಂತ ಆಕಾಶಕ್ಕೂ ಸಾರ್ತೀರಾ."

ಆಮೇಲೆ ಮೊಮ್ಮಗಳೇ ಬಂದು ಹೇಳಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನೆಲ ನೋಡುತ್ತಾ. ನಾನು ಅಂದ ಮಾತನ್ನೇ ಅಲ್ಲಿ ಓದಿದವರೂ ಅನ್ನುತ್ತಾರಂತೆ: ನಿಯಮದಲ್ಲಿ ಏನೂ ಕೊರತೆ ಇಲ್ಲ, ಅಳತೆಯಲ್ಲೇ ಎಲ್ಲೋ ತಪ್ಪಿದೆ ಅಂತ. ಹಾಗಾದರೆ ಐದು ವರ್ಷದ ಕೆಲಸ ನೀರಿನಲ್ಲಿ ಹೋಮ. ಅದು ಹಳೇ ಹೆದರಿಕೆ, ಅದನ್ನು ತಡ್ಕೋಬಹುದು ಅಂದಳು. ಈಗ ಬಂದಿದ್ದು ಹೊಸ ಹೆದರಿಕೆ. ಇವಳ ನಿಯಮ ಹಿಡಿದರೆ ಆ ಎರಡು ಅಳತೆಯೇನೋ ಸೇರುತ್ತವೆ. ಆದರೆ ಅದೇ ನಿಯಮ ಹಿಡಿದು ಮುಂದಕ್ಕೆ ಲೆಕ್ಕ ಹಾಕಿದರೆ, ನಕ್ಷತ್ರದ ಗುಂಪುಗಳೆಲ್ಲ ಈಗ ಇರುವುದಕ್ಕಿಂತ ಜಾಸ್ತಿ ಮುದ್ದೆಕಟ್ಟಬೇಕು. ಆಕಾಶದಲ್ಲಿ ನೋಡಿದರೆ ಅಷ್ಟು ಮುದ್ದೆಕಟ್ಟಿಲ್ಲ. ಎರಡು ತುದಿ ಕೂಡಿಸಿದರೆ ನಡುವೆ ಕೆಡುತ್ತದೆ.

"ನಿಮ್ಮ ಗೈಡು ಏನಂತಾರೆ?"

"ಮುದ್ದೆಕಟ್ಟೋ ವಿಷಯ ಇದರಲ್ಲಿ ಎತ್ತಲೇಬೇಡ ಅಂತಾರೆ. ಅದು ಮುಂದಿನ ಕೆಲಸ ಅಂತ ಒಂದು ಸಾಲು ಬರೆದು ಬಿಡು. ಎರಡು ಅಳತೆ ಸೇರಿಸಿದ್ದೀಯಲ್ಲ, ಅಷ್ಟನ್ನೇ ತೋರಿಸು. ಡಿಗ್ರಿ ಬರಲಿ, ಕೆಲಸ ಬರಲಿ ಅಂತ."

"ಸುಳ್ಳು ಬರಿ ಅಂದ್ರಾ?"

"ಇಲ್ಲ. ಸುಳ್ಳಲ್ಲ ಅದು."

"ಮತ್ತೆ ಬರಿ."

"ಬರೀಬಹುದು" ಅಂದಳು. ಎದ್ದು ಒಳಗೆ ಹೋದಳು.

ಸುಳ್ಳಲ್ಲದ ಮೇಲೆ ಹುಡುಗಿಗೆ ಏನು ನೋವು ಅಂತ ನನಗೆ ತಿಳಿಯಲಿಲ್ಲ. ಗೈಡು ಒಳ್ಳೆಯ ಮನುಷ್ಯ, ಲೋಕ ಕಂಡವನು ಅನ್ನಿಸಿತು. ಕೆಲಸ ಕಣ್ಣಮುಂದೆ ನಿಂತಿದೆ. ಮಗ ದಿನಾ ಡ್ಯೂಟಿ ಮುಗಿಸಿ ಬಂದು "ಮುಗೀತಾ?" ಅಂತ ಕೇಳುತ್ತಾನೆ. ಬಾಗಿಲ ಹಿಂದೆ ಅವಳು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಮನೆಯಲ್ಲಿ ಕಾಯಿಲೆಯವರು ಮಲಗಿದ ಹಾಗೆ ಎಲ್ಲರೂ ಮೆಲ್ಲಗೆ ಓಡಾಡುತ್ತಿದ್ದೆವು.

ಅದೇ ಹೊತ್ತಿಗೆ ತಿ. ನರಸೀಪುರದಲ್ಲಿ ನನ್ನ ತಮ್ಮನ ಮನೆಯ ಮದುವೆ ಬಂತು. ಚಪ್ಪರದ ಹೂವೆಲ್ಲ ನಮ್ಮದೇ. ಕಂಬದಿಂದ ಕಂಬಕ್ಕೆ ಒಂದೊಂದು ಸರ, ಒಂದೊಂದೂ ಮೂರು ಮಾರು. ಈ ಅಳತೆ ನನಗೆ ಹಳೇದು. ಆ ಚಪ್ಪರದ ಗಳ, ಕಂಬ ಎಲ್ಲ ತಮ್ಮನ ಮನೆಯವೇ, ಹಿಂದಿನ ಮದುವೆಗಳಿಗೂ ನಾನೇ ಅಳೆದು ಕೊಟ್ಟಿದ್ದೆ. ಹೆಡತಲೆ ಊರಿನ ತೋಟದಿಂದ ಚೆಂಡುಹೂವಿನ ಮೂಟೆ ತರಿಸಿ ಮೂವರೂ ಪೋಣಿಸೋಕೆ ಕೂತೆವು. ನನ್ನ ಬಲ ಭುಜ ಹಿಂದಿನ ಚಳಿಗಾಲದಿಂದಲೇ ಹಿಡಿದುಕೊಂಡಿತ್ತು. "ಅಳೆಯೋದು ನಾನು ಮಾಡ್ತೀನಿ ಬಿಡಿ ಅತ್ತೆ" ಅಂದಳು ಸೊಸೆ. "ನಿನ್ನ ಮಾರು ಹಿಡ್ಕೊಂಡು ಅಳೆದ್ರೆ ಸರ ಕಂಬ ಮುಟ್ಟಲ್ಲ" ಅಂದೆ. ಕೊನೆಗೆ ಅರ್ಧ ನಾನು ಅಳೆದೆ, ಅರ್ಧ ಅವಳು ಅಳೆದಳು. ಯಾವುದು ಯಾರದ್ದು ಅಂತ ಆಮೇಲೆ ತಕರಾರು ಬರಬಾರದು ಅಂತ ನನ್ನ ಸರಕ್ಕೆ ಕೆಂಪು ದಾರ ಹಾಕಿಸಿದೆ, ಅವಳದ್ದಕ್ಕೆ ಬಿಳಿ. ಅದೂ ನನ್ನದೇ ಬುದ್ಧಿ.

ಮೊದಲ ಬಸ್ಸಿಗೆ ಮೂಟೆ ಹಾಕಿಕೊಂಡು ನಾನೂ ಮೊಮ್ಮಗಳೂ ಹೊರಟೆವು. ಮನೆಯಲ್ಲಿ ಕೂತು ಕೂತು ಹುಳ ಹಿಡೀತದೆ, ಬರಲಿ ಅಂತ ನಾನೇ ಎಳೆದುಕೊಂಡು ಹೋದದ್ದು. ತಮ್ಮನ ಮನೆ ಹೊಳೆ ಕಡೆಯ ಬೀದಿಯಲ್ಲಿದೆ. ಏಣಿ ಹಾಕಿ ಅವಳು ಕಟ್ಟುತ್ತಾ ಹೋದಳು, ನಾನು ಕೆಳಗಿನಿಂದ ಸರ ಎತ್ತಿ ಎತ್ತಿ ಕೊಟ್ಟೆ. ಮೊದಲ ಸಾಲು ಸರಿಯಾಗಿ ಕೂತಿತು. ಹೊಟ್ಟೆ ಬಿಟ್ಟು ಚೆನ್ನಾಗಿ ತೂಗಿತು. ಎರಡನೇ ಸಾಲಿನ ಸರ ಕಂಬ ಮುಟ್ಟಲಿಲ್ಲ. ಅದರ ಪಕ್ಕದ್ದೂ ಮುಟ್ಟಲಿಲ್ಲ. ಹೂವು ಮುಗಿದು ಒಂದು ಮೊಳದಷ್ಟು ಬರೀ ದಾರ ಕಾಣುತ್ತಿತ್ತು, ಕೆಳಗಿನಿಂದ ನನಗೆ ಅದರ ಬಣ್ಣ ತಿಳಿಯಲಿಲ್ಲ.

"ನೋಡ್ದಾ ನಿಮ್ಮವ್ವನ ಕೆಲಸವಾ?" ಅಂದೆ. "ಬಡ್ಕೊಂಡೆ ನಾನು, ನಿನ್ನ ಕೈ ಗಿಡ್ಡ ಕನೇ ಅಂತ."

ಮೊಮ್ಮಗಳು ಏಣಿ ಮೇಲಿಂದ ಸರದ ತುದಿಯನ್ನು ನನ್ನ ಕಡೆ ಇಳಿಬಿಟ್ಟಳು. ಕೆಂಪು ದಾರ.

ಪಕ್ಕದ್ದೂ ಕೆಂಪು. ಮುಟ್ಟಿ ತೂಗುತ್ತಿದ್ದದ್ದೆಲ್ಲ ಬಿಳಿ.

ಕೈ ಚಾಚಿ ನೋಡಿದೆ. ಎಡಗೈ ನೆಟ್ಟಗೆ ಹೋಯಿತು. ಬಲಗೈ ಭುಜದ ಹತ್ತಿರ ಹಿಡಿದು ಅರ್ಧಕ್ಕೇ ನಿಂತಿತು. ನೋವು ಇದೆ ಅಂತ ಗೊತ್ತಿತ್ತು. ಮಾರು ಕಮ್ಮಿಯಾಗಿದೆ ಅಂತ ಒಂದು ದಿನವೂ ತಲೆಗೆ ಬಂದಿರಲಿಲ್ಲ. ನನ್ನ ಕೈ ಯಾವತ್ತೂ ಇದ್ದ ಹಾಗೇ ಇದೆ ಅಂದುಕೊಂಡು ಅಳೆಯುತ್ತಾ ಬಂದಿದ್ದೆ.

ಗಂಡಿನ ಕಡೆಯವರು ಬರುವ ಹೊತ್ತು ಹತ್ತಿರ ಬಂದಿತ್ತು. ನನಗೆ ಈ ಕಸುಬು ಹೊಸದಲ್ಲ. ಸರ ಕಮ್ಮಿ ಬಿದ್ದರೆ ಏನು ಮಾಡಬೇಕು ಅಂತ ಸಾಲಿನಲ್ಲಿ ಕೂರುವ ಎಲ್ಲರಿಗೂ ಗೊತ್ತು. ಪೋಣಿಸಿದ ಹೂವನ್ನು ದಾರದ ಮೇಲೆ ಅಷ್ಟಷ್ಟೇ ಸರಿಸಬೇಕು. ಹೂವಿಗೂ ಹೂವಿಗೂ ನಡುವೆ ಸಂದು ಬಿಡುತ್ತದೆ, ಸರ ಉದ್ದವಾಗುತ್ತದೆ, ಎರಡೂ ಕಂಬ ಮುಟ್ಟುತ್ತದೆ. ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಸಂಜೆ ಹೊತ್ತಿಗೆ ಹೂವು ಬಾಡಿ, ಸಂದು ಬಾಯಿ ಬಿಡುತ್ತದೆ. ಅಷ್ಟರಲ್ಲಿ ಮದುವೆ ಮುಗಿದಿರುತ್ತದೆ.

"ಊವ ಸರಿಸು" ಅಂದೆ. "ಮೆಲ್ಲಗೆ. ಒಂದೇ ಕಡೆ ಸರಿಸಬೇಡ, ಎಲ್ಲಾ ಕಡೆ ಸಮ ಮಾಡು."

ಅವಳು ಸರ ಹಿಡಿದುಕೊಂಡು ಏಣಿ ಮೇಲೇ ನಿಂತಿದ್ದಳು. ಬೆರಳು ಆಡಲಿಲ್ಲ.

"ಕೇಳಿಸ್ತಾ?"

"ಬೇಡ ಅಜ್ಜಿ."

"ಏನ್ ಬೇಡ?"

"ಕಮ್ಮಿ ಬಿದ್ದಿದೆ ಅಂತ ಹೇಳೋಣ."

ನಾನು ತಡೆಯುವಷ್ಟರಲ್ಲಿ ಏಣಿ ಇಳಿದು ತಮ್ಮನ ಹೆಂಡತಿ ಹತ್ತಿರ ಹೋಗಿಬಿಟ್ಟಳು. "ಅಳತೆ ತಪ್ಪಾಗಿದೆ, ಒಂದು ಸಾಲಿನ ಸರ ಕಂಬ ಮುಟ್ಟಲ್ಲ. ಹಿಂದಿನ ಸಾಲಿನ ಹೂವು ಬಿಚ್ಚಿ ಇದಕ್ಕೆ ಪೋಣಿಸ್ತೀವಿ. ಹಿಂದೆ ಒಂದು ಅಂಕಣ ಖಾಲಿ ಉಳಿಯುತ್ತೆ" ಅಂತ ಎಲ್ಲರೆದುರಿಗೂ ಹೇಳಿದಳು. ಯಾರ ಅಳತೆ ಅಂತ ಹೇಳಲಿಲ್ಲ.

ತಮ್ಮನ ಹೆಂಡತಿಗೆ ಅಷ್ಟು ಸಾಕಾಗಿತ್ತು. ಬಳಗವೆಲ್ಲ ಕೇಳುವ ಹಾಗೆ, "ಏನತ್ತಿಗೆ, ನಂಜನಗೂಡಲ್ಲಿ ಊವಿಗೂ ಬರ ಬಂತಾ? ತವರುಮನೆ ಚಪ್ಪರಕ್ಕೇ ಇಂಗೆ ಅಳೆದ್ರೆ ಗಿರಾಕಿಗಳ ಗತಿ ಏನು?" ಅಂದಳು.

"ತವರುಮನೆ ಅಂತ ಬಂದೆ ಕನವ್ವಾ, ಇಲ್ದಿದ್ರೆ ಎರಡು ಅಂಕಣ ಖಾಲಿ ಬಿಡ್ತಿದ್ದೆ" ಅಂದೆ. ಬಾಯಿ ಏನೋ ಅಂದಿತು. ಮುಖ ಸುಡುತ್ತಿತ್ತು. ನೆಲದಲ್ಲಿ ಕೂತು ಇಬ್ಬರೂ ಹಿಂದಿನ ಸರ ಬಿಚ್ಚಿದೆವು, ಪೋಣಿಸಿದೆವು. ಓಲಗದವರು ಬಂದರು, ಗಂಡಿನ ಕಡೆಯವರು ಬಂದರು, ನಾವು ಇನ್ನೂ ಪೋಣಿಸುತ್ತಲೇ ಇದ್ದೆವು. ಹಿಂದಿನ ಅಂಕಣ ಬೋಳಾಗಿಯೇ ಉಳಿಯಿತು. ಮದುವೆಯ ಫೋಟೋದಲ್ಲೂ ಹಾಗೇ ಇದೆ, ನೋಡಿದವರೆಲ್ಲ ಕೇಳುತ್ತಾರೆ.

ವಾಪಸು ಬಸ್ಸಿನಲ್ಲಿ ನಾನು ಸುಮ್ಮನೆ ಕೂರಲಿಲ್ಲ.

"ನನ್ನ ಮಾನ ಕಳೆದೆ."

"ಹೂವಲ್ವಾ ಅಜ್ಜಿ, ಹೋಗಲಿ ಬಿಡು."

"ಊವು ಅಂದ್ರೆ ನಂಗೆ ಅಷ್ಟು ಸಸಾರ ಅಲ್ಲ."

ಅವಳು ಕಿಟಕಿ ಕಡೆ ನೋಡುತ್ತಿದ್ದಳು. ಎರಡೂ ಕಡೆ ಕಬ್ಬಿನ ಗದ್ದೆ. "ಆ ಅಧ್ಯಾಯದಲ್ಲಿ ಮುದ್ದೆಕಟ್ಟೋ ಲೆಕ್ಕಾನೂ ಹಾಕ್ತೀನಿ" ಅಂದಳು. "ನನ್ನ ನಿಯಮ ಹಿಡಿದರೆ ಎರಡು ಅಳತೆ ಸೇರುತ್ತೆ, ಇಲ್ಲಿ ಕೆಡುತ್ತೆ, ಹಾಗಾಗಿ ಈ ನಿಯಮ ಆಕಾಶಕ್ಕೆ ಒಪ್ಪಲ್ಲ ಅಂತ ಬರೀತೀನಿ."

 ಬೆಳಿಗ್ಗೆ ಏಣಿ ಮೇಲೆ ನಿಂತು ಅವಳು ಯೋಚನೆ ಮಾಡುತ್ತಿದ್ದದ್ದು ಹೂವಿನ ವಿಷಯ ಅಲ್ಲ ಅಂತ ಆಗ ತಿಳಿಯಿತು.

"ಊವಿಗೂ ಡಿಗ್ರಿಗೂ ಗಂಟು ಹಾಕಬೇಡ" ಅಂದೆ. "ಚಪ್ಪರ ಸಂಜೆಗೆ ಬಿಚ್ತಾರೆ. ಕೆಲಸ ಜನ್ಮಕ್ಕೆ ಇರ್ತದೆ. ಗೈಡು ಯೋಳಿದಂಗೆ ಮಾಡು. ಕೆಲಸ ಸಿಕ್ಕಿದ ಮೇಲೆ ನಿನ್ನ ಸತ್ಯ ಎಷ್ಟು ಬೇಕಾದ್ರೂ ಯೋಳು, ಯಾರು ಬೇಡ ಅಂತಾರೆ?"

"ಆಮೇಲೆ ಯಾರೂ ಹೇಳಲ್ಲ ಅಜ್ಜಿ. ಆಮೇಲೆ ಬಂದೋರು ನನ್ನ ನಿಯಮ ಸರಿ ಅಂದ್ಕೊಂಡು ಅದರ ಮೇಲೆ ಲೆಕ್ಕ ಹಾಕ್ತಾರೆ."

"ಆಕ್ಕೊಳ್ಳಲಿ. ನಿನಗೇನು?"

ಅವಳು ನನ್ನ ಬಲಗೈ ತೆಗೆದು ತನ್ನ ತೊಡೆ ಮೇಲೆ ಇಟ್ಟುಕೊಂಡು ಭುಜ ನೀವುತ್ತಾ ಕೂತಳು. ನಂಜನಗೂಡು ಬರುವವರೆಗೂ ನಾನು ಬೈದೆ, ಅವಳು ನೀವಿದಳು. ಆವತ್ತು ಅವಳು ಎರಡು ಮುದ್ದೆ ಉಂಡಳು. ಅದಕ್ಕೂ ನನಗೆ ಕೋಪ ಬಂತು.

ಹಾಗೇ ಬರೆದಳು. ಗೈಡು ಬೇಜಾರು ಮಾಡಿಕೊಂಡರಂತೆ, ಒಂದಷ್ಟು ದಿನ ಸಹಿ ಹಾಕದೆ ಇಟ್ಟುಕೊಂಡು ಆಮೇಲೆ ಹಾಕಿದರಂತೆ. ಅಷ್ಟರಲ್ಲಿ ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ಥೀಸಿಸ್ಸು ಎಲ್ಲೋ ದೂರದ ಊರಿನ ಪರೀಕ್ಷಕರ ಹತ್ತಿರ ಇದೆ. ಅವರು ಒಪ್ಪುತ್ತಾರೋ, ಐದು ವರ್ಷ ಓದಿ 'ಇದಲ್ಲ' ಅಂತ ಬರೆದವಳಿಗೆ ಎಂಥ ಡಿಗ್ರಿ ಅನ್ನುತ್ತಾರೋ ಗೊತ್ತಿಲ್ಲ. 'ಇದಲ್ಲ' ಅಂತ ಗೊತ್ತಾಗೋದೂ ಒಂದು ಕೆಲಸಾನೇ ಅಂತ ಅವಳು ಹೇಳುತ್ತಾಳೆ. ಹೇಳುವಾಗ ಅವಳ ದನಿಯೂ ಅಷ್ಟು ಗಟ್ಟಿಯಾಗಿ ಬರುವುದಿಲ್ಲ. ಸದ್ಯಕ್ಕೆ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಮಗ 'ಮುಗೀತಾ' ಅಂತ ಕೇಳುವುದನ್ನು ಬಿಟ್ಟಿದ್ದಾನೆ. ಅವನು ಕೇಳದೆ ಸುಮ್ಮನೆ ಚಪ್ಪಲಿ ಬಿಡುವುದು ಕೇಳಿದ್ದಕ್ಕಿಂತ ಕಷ್ಟ.

ಅವಳು ಮಾಡಿದ್ದು ಸರಿ ಅಂತ ಹೇಳೋಕೆ ನನಗೆ ಈಗಲೂ ಆಗುವುದಿಲ್ಲ. ಆವತ್ತು ಬಸ್ಸಿನಲ್ಲಿ ಹೇಳಿದ್ದನ್ನು ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಸೊಸೆ ಕೆಂಪು ದಾರದ ವಿಷಯ ಎತ್ತಲೇ ಇಲ್ಲ. ಗೊತ್ತಿಲ್ಲದೆ ಅಲ್ಲ. ಸಾಲಿನಲ್ಲಿ ಗಿರಾಕಿಗಳು ಈಗಲೂ ನನ್ನ ಕಡೆಗೇ ತಿರುಗುತ್ತಾರೆ. ಮೊಳಕ್ಕೆ ಭುಜ ಬೇಕಾಗಿಲ್ಲ, ಅಲ್ಲಿ ನನ್ನದು ಈಗಲೂ ದೊಡ್ಡದೇ. ಮಾರು ಕೇಳಿದರೆ ಕಷ್ಟ. ಮೊನ್ನೆ ಒಬ್ಬಾಕೆ ಬಾಗಿಲಿಗೆ ಎರಡು ಮಾರು ಹೂವು ಕೇಳಿದಳು. ಸೊಸೆ ಸರ ಎತ್ತಿಕೊಂಡಿದ್ದಳು. "ನಿಮ್ಮ ಕೈಯಲ್ಲಿ ಬೇಡಮ್ಮ, ಅಜ್ಜಿ ಅಳೀಲಿ" ಅಂದಳು ಆಕೆ. ಮೊಮ್ಮಗಳು ಪಕ್ಕದಲ್ಲೇ ಕೂತು ಕನಕಾಂಬರ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ನನ್ನ ಮಾರು ಕಮ್ಮಿಯಾಗಿದೆ ಕನವ್ವಾ" ಅಂದೆ. "ಅವಳ ಕೈಲೇ ಅಳೆಸ್ಕೋ."

ಆಕೆ ನಂಬಲಿಲ್ಲ. ಸೊಸೆಗೆ ವ್ಯಾಪಾರ ಆಗಲಿ ಅಂತ ಹಾಗೆ ಹೇಳುತ್ತಿದ್ದೇನೆ ಅಂದುಕೊಂಡು, ಮುಂದಿನ ಮಂಕರಿಗೆ ಹೋದಳು.

"ಓಯ್ತಲ್ಲ ಗಿರಾಕಿ" ಅಂದೆ ಮೊಮ್ಮಗಳಿಗೆ. "ಈಗ ಸಮಾಧಾನವಾ?"

"ಇಲ್ಲ ಅಜ್ಜಿ" ಅಂದಳು, ಹೂವು ಕಟ್ಟುತ್ತಲೇ. ಪಕ್ಕದಲ್ಲಿ ಫೋನು ಮುಖ ಮೇಲಾಗಿ ಇಟ್ಟುಕೊಂಡಿದ್ದಳು. ಗಳಿಗೆಗೊಮ್ಮೆ ಅದರ ಕಡೆ ನೋಡುತ್ತಾಳೆ. ಪರೀಕ್ಷಕರಿಂದ ಇನ್ನೂ ಏನೂ ಬಂದಿಲ್ಲ.